ಹೆಸರಿಲ್ಲದ ಹಿಡಿ

ನಮ್ಮತ್ತೆ ಸುಂದ್ರವ್ವ ದೇವರ ಜೊತೆ ಜಗಳ ಆಡಿದಷ್ಟು ನನ್ನ ಜೊತೆ ಆಡಿದ್ದರೆ ನಾನು ಎಷ್ಟೋ ಸುಖವಾಗಿರುತ್ತಿದ್ದೆ. ಜಗಳವಾದರೂ ಮಾತೇ ತಾನೇ? ನನ್ನ ಜೊತೆ ಅವಳಿಗೆ ಮಾತೇ ಇರಲಿಲ್ಲ. 'ನೀರು ಕಾದಾವ', 'ಎಮ್ಮಿ ಒದರಾಕತ್ತೈತಿ', ಮುಗಿಯಿತು. ಅದನ್ನೂ ಗೋಡೆಗೆ ಹೇಳಿದ ಹಾಗೆ. ಮಂದಿಯ ಮುಂದೆ ನಾನು 'ಬಾಗೇವಾಡ್ಯಾಕಿ'. ಬೆಲ್ಲದ ಬಾಗೇವಾಡಿ ನನ್ನ ತವರು. ಅಲ್ಲಿ ನನಗೆ ಮಾಯಾ ಅಂತ ಹೆಸರಿಟ್ಟಿದ್ದರು. ಕುಲಗೋಡಕ್ಕೆ ಸೊಸೆಯಾಗಿ ಬಂದ ಮೇಲೆ ಆ ಹೆಸರು ಉಳಿದದ್ದು ನನ್ನ ಗಂಡ ಅಭಿಷೇಕನ ಬಾಯಲ್ಲಿ, ಮತ್ತೆ ಆಧಾರ್ ಕಾರ್ಡಿನಲ್ಲಿ.

ಅಭಿಷೇಕ ಅತ್ತೆಗೆ ಒಬ್ಬನೇ ಗಂಡುಮಗ. ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ನಾನು ಘಟಪ್ರಭಾದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೈಗೆ ಸುಟ್ಟ ಗಾಯ ಅಂತ ಮುಲಾಮು ಕೇಳಿಕೊಂಡು ಬಂದವನು, ಗಾಯ ಮಾಯ್ದ ಮೇಲೂ ಬಂದ. ಅತ್ತೆ ಹುಕ್ಕೇರಿಯ ಕ್ರೈಸ್ತ ಸಭೆಯಲ್ಲಿ ಹುಡುಗಿ ನೋಡಿಟ್ಟಿದ್ದಳು, ಹಾಡು ಬರುವ ಹುಡುಗಿ, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವವಳು. ಇವನು ನೋಡಿದರೆ ಹನುಮಪ್ಪನ ಗುಡಿಗೆ ಶನಿವಾರ ಶನಿವಾರ ಎಣ್ಣೆ ಹಾಕುವ ಮನೆಯಿಂದ ನನ್ನನ್ನು ತಂದು ನಿಲ್ಲಿಸಿದ. ನಾನು ದೀಕ್ಷಾಸ್ನಾನ ತಗೊಂಡೆ, ಮೂಡಲಗಿಯ ಚರ್ಚಿನಲ್ಲಿ ಮದುವೆ ಆಯಿತು. ಅತ್ತೆ ಮದುವೆಗೆ ಬಂದಳು, ಉಂಡಳು, ಮಾತು ಮಾತ್ರ ಬಿಟ್ಟಳು.

ಆದರೆ ನಸುಕಿನಲ್ಲಿ ಅವಳ ಬಾಯಿಗೆ ಬೀಗ ಇರುತ್ತಿರಲಿಲ್ಲ. ನಮ್ಮ ಸಭೆಯ ಹೆಣ್ಣುಮಕ್ಕಳಲ್ಲಿ ಒಂದು ರೂಢಿ ಇದೆ. ರೊಟ್ಟಿ ಬಡಿಯುವ ಮುಂಚೆ ಜೋಳದ ಚೀಲದಿಂದ ಒಂದು ಹಿಡಿ ತೆಗೆದು ದೇವರ ಡಬ್ಬಿಗೆ ಹಾಕುವುದು. ರವಿವಾರ ಆ ಜೋಳವನ್ನು ಗಂಟು ಕಟ್ಟಿಕೊಂಡು ಮೂಡಲಗಿ ಚರ್ಚಿಗೆ ಒಯ್ಯುವುದು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೋ ಅಲ್ಲಿಗೆ ಅದು ಹೋಗುತ್ತದೆ. ಉಳಿದವರು ಒಂದು ಹಿಡಿ ಒಗೆದು ಕೈ ಝಾಡಿಸಿಕೊಂಡು ಏಳುತ್ತಾರೆ. ಸುಂದ್ರವ್ವನದು ಹಾಗಲ್ಲ. ಒಂದೊಂದು ಹೆಸರಿಗೆ ಒಂದೊಂದು ಹಿಡಿ. ಹಿಡಿ ತುಂಬಿಕೊಂಡು, ಹೆಸರು ಹೇಳಿ, ಬೇಡುವುದನ್ನು ಬೇಡಿ, ಆಮೇಲೆ ಬೆರಳು ಬಿಡಿಸುವಳು. ತಗಡಿನ ಡಬ್ಬಿಯಲ್ಲಿ ಜೋಳ ಸುರಿದ ಸಪ್ಪಳ ಗೋಡೆಯಾಚೆ ಮಲಗಿದ ನನ್ನ ತನಕ ಬರುತ್ತಿತ್ತು.

ಮೊದಲು ಗೋಕಾಕದಲ್ಲಿರುವ ಮಗಳು ಸುಮನ್, ಆಮೇಲೆ ಸುಮನ್‌ಳ ಮಕ್ಕಳು, ಆಮೇಲೆ ಪಾಸ್ಟರ್ ರಾವಸಾಹೇಬರು. ಅದಾದ ಮೇಲೆ ಬಾಜೂ ಮನೆಯ ಹನಮವ್ವ.

"ಏನಪಾ ಯೇಸುಸ್ವಾಮಿ, ಹನಮವ್ವನ ಮೊಣಕಾಲು ನಿನಗ ಕಾಣ್ತೈತೋ ಇಲ್ಲೋ? ಆಕಿ ನಿನ್ನ ಸಭಿಗಿ ಬರಾಂಗಿಲ್ಲ ಅಂತ ಸುಮ್ನ ಕುಂತೀಯೇನ? ಬರಾಕ ಮೊದಲ ಕಾಲು ನೆಟ್ಟಗಾಗಬೇಕಲ್ಲ!"

ಜೋಳ ಸರ್ರಂತ ಸುರಿಯುತ್ತಿತ್ತು. ಆಮೇಲೆ ಎಮ್ಮೆ. ಖರೆ ಹೇಳುತ್ತೇನೆ, ಎಮ್ಮೆಗೂ ಒಂದು ಹಿಡಿ ಇತ್ತು. ಎಮ್ಮೆ ಆದ ಮೇಲೆ ಅಭಿಷೇಕ. "ಗಾಡಿ ಮ್ಯಾಲ ಹೋಗ್ತಾನ, ಹೋದಾಂವ ಹೋದಂಗ ಬರ್ಲಿ." ಅದಾದ ಮೇಲೆ ಇನ್ನೊಂದು ಹಿಡಿ. ಅದೇ ಕೊನೆಯದು. ಅದಕ್ಕೆ ಹೆಸರು ಇರಲಿಲ್ಲ. ಸಪ್ಪಳ ಬಿದ್ದ ಮೇಲೆ ಅತ್ತೆ ಆಮೆನ್ ಅಂದು ಏಳುತ್ತಿದ್ದಳು.

ದಿನಾ ಕೇಳಿಸಿಕೊಂಡೆ. ನನ್ನ ಹೆಸರು ಒಂದು ದಿನವಾದರೂ ಬಂತೇ? ಇಲ್ಲ. ಮೈ ಉರಿಯುತ್ತಿತ್ತು. "ನಿಮ್ಮವ್ವ ಎಮ್ಮಿ ಸಲುವಾಗಿ ಬೇಡ್ತಾಳ, ನನಗ ಒಂದ ಹಿಡಿ ಜೋಳ ಭಾರ ಆಗ್ತಾವೇನ?" ಅಂತ ಗಂಡನ ಮೇಲೆ ಹಾಯುತ್ತಿದ್ದೆ.

"ಎಮ್ಮಿ ಹಾಲ ಕೊಡ್ತೈತಿ. ನೀ ಏನ ಕೊಡ್ತಿ?" ಅಂತ ನಗುತ್ತಿದ್ದ ಆ ಪುಣ್ಯಾತ್ಮ.

"ಮತ್ತ ಆ ಕಡೀ ಹಿಡಿ ಯಾರದು? ಹೆಸರ ಇಲ್ಲದ್ದು?"

"ನಮ್ಮಪ್ಪಂದು ಇರಬೇಕು," ಅಂದಿದ್ದ. ಮಾವ ಸಿದ್ರಾಮ ತೀರಿಕೊಂಡಾಗ ಅಭಿಷೇಕ ಇನ್ನೂ ಸಾಲಿಗೆ ಹೋಗುವ ಹುಡುಗ. ನಮ್ಮ ಸಭೆಯಲ್ಲಿ ಸತ್ತವರ ಸಲುವಾಗಿ ಬೇಡುವುದಿಲ್ಲ. ಅವರು ಕರ್ತನ ಕೈ ಸೇರಿದರು, ಇನ್ನು ಬೇಡುವುದೇನು ಅಂತ ಪಾಸ್ಟರು ಸಾರಿ ಸಾರಿ ಹೇಳುತ್ತಾರೆ. ಅದಕ್ಕೆ ಅವ್ವ ಬಾಯಿ ಬಿಡದೆ ಹಾಕುತ್ತಾಳೆ ಅಂತ ಅವನ ಲೆಕ್ಕ. ನನಗೂ ಅದು ಸರಿ ಅನಿಸಿತು. ಗಂಡ ಸತ್ತವಳ ಸಂಕಟ ಅಷ್ಟಾದರೂ ಇರುತ್ತದಲ್ಲ.

ನನಗೂ ಪ್ರಾರ್ಥನೆ ರೂಢಿ ಆಗಲಿ ಅಂತ ಅಭಿಷೇಕನಿಗೆ ಭಾಳ ಆಸೆ. ಕರ್ತನ ಪ್ರಾರ್ಥನೆಯನ್ನು ಪಾಸ್ಟರ ಹೆಂಡತಿ ಬಾಯಿಪಾಠ ಮಾಡಿಸಿದ್ದರು. ಅದನ್ನು ಗಡಗಡ ಒಪ್ಪಿಸುತ್ತಿದ್ದೆ. ಅದು ಮುಗಿದ ಮೇಲೆ ಸ್ವಂತದ್ದೇನು ಹೇಳಬೇಕು ಅಂತ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಔಷಧಿ ಅಂಗಡಿಯ ಕಪಾಟು, ನೆನೆ ಹಾಕುವುದು ಮರೆತ ಕಡಲೆ, ಇಂಥವೇ. ಅಭಿಷೇಕ ನನ್ನ ಮೊಬೈಲಿನಲ್ಲಿ ನಸುಕಿನ ಅಲಾರಂ ಇಟ್ಟುಕೊಟ್ಟ. ಹುಂಜ ಕೂಗುವ ಸಪ್ಪಳದ್ದು. ಅದು ಕೂಗುತ್ತಿತ್ತು, ನಾನು ಅದರ ಕತ್ತು ಹಿಸುಕಿ ಮತ್ತೆ ಮಲಗುತ್ತಿದ್ದೆ.

ಒಂದು ದಿನ ಹಟಕ್ಕೆ ಬಿದ್ದು ಎದ್ದು ಕೂತೆ. ಗೋಡೆಗೆ ಒರಗಿ, ಕೈ ಜೋಡಿಸಿ, ಕಣ್ಣು ಮುಚ್ಚಿ. ಯಾವಾಗ ತೂಕಡಿಸಿದೆನೋ. ಎಚ್ಚರಾದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಕಣ್ಣ ಮುಚ್ಕೊಂಡ ಕುಂತ್ರ ನಿದ್ದಿ ಬರ್ದ ಏನ್ ಬರ್ತೈತಿ?" ಅಂದಳು, ಗೋಡೆಗೆ. "ಕೈಗಿ ಒಂದ ಕೆಲಸ ಕೊಡಬೇಕು. ದಿನಾ ಅದ ಜಾಗಾ, ಅದ ಹೊತ್ತು. ಮಾತ ಬಂದ್ರ ಆಡಬೇಕು, ಬರ್ಲಿಲ್ಲಂದ್ರ ಸುಮ್ನ ಕುಂದರಬೇಕು. ಆತ ಏನ್ ಪರೀಕ್ಷಾ ತಗೋತಾನೇನ?"

ನನಗೆ ಅವಳು ಕಲಿಸಿದ್ದು ಅಷ್ಟೇ. ಚುಚ್ಚಿ ಆಡಿದಳು ಅಂತ ನಾನು ಮುಖ ಉಬ್ಬಿಸಿಕೊಂಡು ಎದ್ದುಹೋದೆ.

ಆ ವರ್ಷ ಕಬ್ಬಿನ ಸೀಜನ್ ಜೋರಿತ್ತು. ಕಾರ್ಖಾನೆಯಿಂದ ಅಭಿಷೇಕ ಬೈಕಿನಲ್ಲಿ ಬರುತ್ತಿದ್ದ. ಸಂಜೆಯ ಮಬ್ಬು. ಕಬ್ಬು ಹೇರಿದ ಟ್ರೇಲರ್ ಒಂದು ಟಾಯರು ಒಡೆದು ನಡುರಸ್ತೆಯಲ್ಲಿ ನಿಂತಿತ್ತು. ಹಿಂದೆ ದೀಪ ಇಲ್ಲ, ಕೆಂಪು ಅರಿವೆಯ ತುಂಡು ಸಹ ಇಲ್ಲ. ಇದಕ್ಕಿಂತ ಹೆಚ್ಚು ನನ್ನ ಕೈಲಿ ಹೇಳಲಾಗದು. ಮರುದಿನ ಮೂಡಲಗಿಯಲ್ಲಿ ಮಣ್ಣು ಮಾಡಿ ಬಂದೆವು.

ಅದರ ಮರುದಿನ ನಸುಕಿನಲ್ಲಿ ಮನೆ ತುಂಬ ನೆಂಟರು ಮಲಗಿದ್ದರು. ನನಗೆ ನಿದ್ದೆ ಎಲ್ಲಿಯದು? ಅತ್ತೆ ಎದ್ದ ಸಪ್ಪಳ ಕೇಳಿಸಿತು. ಮುಖ ತೊಳೆದಳು, ಜೋಳದ ಚೀಲದ ಮುಂದೆ ಕೂತಳು. ಸುಮನ್ ಅಲ್ಲೇ ನನ್ನ ಪಕ್ಕದಲ್ಲಿ ಮಲಗಿದ್ದಳು, ಆದರೂ ಸುಮನ್‌ಳ ಹಿಡಿ ಬಿತ್ತು. ಮಕ್ಕಳದು, ಪಾಸ್ಟರದು, ಹನಮವ್ವನದು, ಎಮ್ಮೆಯದು. ಬೇಡ ಅತ್ತಿ, ಬೇಡ, ಅಲ್ಲೇ ನಿಲ್ಲಿಸಿಬಿಡ್ರಿ ಅಂತ ಒಳಗೇ ಒದರಿಕೊಂಡೆ.

"ಅಭಿಷೇಕ ಗಾಡಿ ಮ್ಯಾಲ ಹೋಗ್ತಾನ, ಹೋದಾಂವ ಹೋದಂಗ..."

ಜೋಳ ಬಿದ್ದೇ ಬಿಟ್ಟಿತು. ಎಷ್ಟು ವರ್ಷದ ರೂಢಿ! ಕೈಗೆ, ಬಾಯಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಏನೂ ಕೇಳಿಸಲಿಲ್ಲ. ಕೊನೆಯ ಹಿಡಿ ಬೀಳುತ್ತದೆ ಅಂತ ಕಾದೆ, ಬೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿಯಲ್ಲಿದ್ದ ಜೋಳವನ್ನೆಲ್ಲ ಚೀಲಕ್ಕೆ ಸುರುವಿದ ಸಪ್ಪಳ ಬಂತು. ಬೆಳಕು ಹರಿದ ಮೇಲೆ ನೋಡಿದರೆ ಡಬ್ಬಿ ಗೋಡೆಯ ಮಾಡದಲ್ಲಿ ಬೋರಲು ಬಿದ್ದಿತ್ತು.

ಅಲ್ಲಿಗೆ ಸುಂದ್ರವ್ವನ ಪ್ರಾರ್ಥನೆ ನಿಂತಿತು. ನಸುಕಿನಲ್ಲಿ ಏಳುವುದೇನೋ ಏಳುತ್ತಿದ್ದಳು. ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಮೂಲೆ ಹಿಡಿದು ಕೂರುವಳು. ರವಿವಾರ ಚರ್ಚಿಗೂ ಹೋಗಲಿಲ್ಲ. ಪಾಸ್ಟರ್ ರಾವಸಾಹೇಬರು ತಾವೇ ಬಂದರು. ಮೆತ್ತನೆಯ ಮನುಷ್ಯ, ಅಭಿಷೇಕನಿಗೆ ದೀಕ್ಷಾಸ್ನಾನ ಕೊಟ್ಟವರೂ ಅವರೇ, ಮಣ್ಣು ಕೊಟ್ಟವರೂ ಅವರೇ.

"ಸುಂದ್ರವ್ವಾ, ಎಲ್ಲಾ ಬಿಟ್ರೂ ಪ್ರಾರ್ಥನಾ ಬಿಡಬ್ಯಾಡ್ರಿ."

"ಕುಂತ್ರ ಅವನ ಹೆಸರ ಬರ್ತೈತ್ರಿ ಬಾಯಾಗ."

"ಆತ ಕರ್ತನ ಕೈಯಾಗ ಅದಾನವಾ. ಅವನ ಸಲುವಾಗಿ ಇನ್ನ ಬೇಡೂದ ಏನೂ ಉಳದಿಲ್ಲ. ಉಳದವರ ಸಲುವಾಗಿ ಬೇಡ್ರಿ."

"ಉಳದವರ ಸಲುವಾಗಿ ಬೇಡಿದ್ದು ಏನಾತಂತ ನನಗ ಗೊತ್ತೈತ್ರಿ," ಅಂದಳು ಅತ್ತೆ. ಅಂದು ಚಹಾ ಇಡಲು ಎದ್ದುಹೋದಳು. ಪಾಸ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ಮೇಲೂ ನನಗೆ ಸಿಟ್ಟು ಬಂತು, ಯಾಕಂತ ಕೇಳಬೇಡಿ. ಆಗ ಯಾರ ಮೇಲೆ ಸಿಟ್ಟು ಇರಲಿಲ್ಲ ನನಗೆ?

ನನ್ನ ಮೊಬೈಲಿನ ಹುಂಜ ಮಾತ್ರ ನಿಲ್ಲಲಿಲ್ಲ. ಅಭಿಷೇಕ ಇಟ್ಟದ್ದು, ನಾನು ಹೇಗೆ ತೆಗೆಯಲಿ? ದಿನಾ ಕೂಗಿ ಎಬ್ಬಿಸುತ್ತಿತ್ತು. ಎಬ್ಬಿಸಿದರೆ ಕೇಳಲು ಏನಿದೆ? ಜೋಳದ ಸಪ್ಪಳವಿಲ್ಲ, ದೇವರಿಗೆ ಬೈಗಳಿಲ್ಲ. ನನ್ನ ಹೆಸರಿಲ್ಲದ ಆ ಸಾಲು ಹೆಸರುಗಳಿಗಾಗಿ ನಾನು ಹಾಸಿಗೆಯಲ್ಲಿ ಕಣ್ಣೀರು ಹಾಕಿದೆ ಅಂದರೆ ನಂಬುತ್ತೀರಾ? ಹನಮವ್ವ ಬೇಲಿಯಾಚೆಯಿಂದ ಒಂದು ದಿನ ಕೇಳಿಯೇ ಬಿಟ್ಟಳು: "ಏನವಾ, ನಿಮ್ಮತ್ತಿ ನನ್ನ ಮೊಣಕಾಲ ಕೈ ಬಿಟ್ಟಾಳೇನ? ಭಾಳ ಹಿಡದೈತಿ."

ಅಷ್ಟರಲ್ಲಿ ನನ್ನ ಅಣ್ಣ ಮಲ್ಲೇಶ ಬಂದ. ಮದುವೆಯಾದ ಮೇಲೆ ನಮ್ಮ ಕಡೆಯಿಂದ ಯಾರೂ ಈ ಹೊಸ್ತಿಲು ತುಳಿದಿರಲಿಲ್ಲ. ಸಾವು ಅವನನ್ನು ಕರೆಸಿತು.

"ನಡಿ ಮಾಯಾ, ಮನಿಗಿ ಹೋಗೂಣು. ಇಲ್ಲಿ ಯಾರ ಅದಾರ ನಿನಗ? ಅವ್ವನೂ ಬಾ ಅಂದಾಳ. ಮುಂದಿನ ಸೋಮವಾರ ಗಾಡಿ ತಗೊಂಡ ಬರ್ತೀನಿ, ತಯಾರಾಗಿರು."

ಅತ್ತೆ ಅಲ್ಲೇ ಬಣವೆಯಿಂದ ಮೇವು ಹಿರಿಯುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಇರು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಬಾಗೇವಾಡ್ಯಾಕೀ ಇರು ಅಂದಿದ್ದರೂ ಇರುತ್ತಿದ್ದೆ. ಅಭಿಷೇಕ ಓಡಾಡಿದ ಅಂಗಳ ಇದು, ಅವನ ಅಂಗಿ ಇನ್ನೂ ಗೂಟದಲ್ಲಿತ್ತು, ನನಗೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಆದರೆ ಬೇಡದ ಮನೆಯಲ್ಲಿ ಯಾವ ಮೊಳೆಗೆ ಜೋತುಬೀಳಲಿ? ಅತ್ತೆ ಮೇವಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ನಾನು ಅಣ್ಣನಿಗೆ, ಬರ್ತೀನಿ ಅಂದೆ.

ಸೋಮವಾರ ನಸುಕಿನಲ್ಲಿ ಹುಂಜ ಕೂಗಿತು. ಬ್ಯಾಗು ಬಾಗಿಲ ಬಳಿ ತಯಾರಾಗಿ ಕೂತಿತ್ತು. ಎದ್ದವಳು ಅಡುಗೆ ಕೋಣೆಗೆ ಹೋದೆ, ಮಾಡದಿಂದ ಡಬ್ಬಿ ಇಳಿಸಿದೆ. ಭಕ್ತಿಯಿಂದ ಅಂತ ತಿಳಿಯಬೇಡಿ, ಸಿಟ್ಟಿನಿಂದ. ಒಬ್ಬರಾದರೂ ಆ ದೇವರಿಗೆ ಕೇಳಬೇಕಿತ್ತು. ಚೀಲದ ಮುಂದೆ ಕೂತೆ, ಕೈ ಹಾಕಿದೆ. ಜೋಳ ತಣ್ಣಗಿತ್ತು.

"ಸುಮನ್," ಅಂದೆ. ಮುಂದೆ ಏನು? ಅತ್ತೆ ಏನು ಅನ್ನುತ್ತಿದ್ದಳು? ನೆನಪಾಗಲಿಲ್ಲ. "ಸುಮನಕ್ಕ ಅಳಾಕತ್ತಾಳ. ಒಬ್ಬನ ತಮ್ಮ ಇದ್ದ ಆಕಿಗಿ. ಫೋನ್ ಮಾಡಿದ್ರ ಮಾತಾಡೂದಿಲ್ಲ, ಬರೇ ಅಳ್ತಾಳ. ನೋಡು ಆಕೀನ." ಬೆರಳು ಬಿಡಿಸಿದೆ. ಅದೇ ಸಪ್ಪಳ.

ಮಕ್ಕಳದಾಯಿತು, ಪಾಸ್ಟರದಾಯಿತು. "ಹನಮವ್ವನ ಮೊಣಕಾಲ ಮತ್ತ ಹಿಡದೈತಿ. ನಿನಗ ಯಾರೂ ಬೈಲಿಲ್ಲಂದ್ರ ಕೆಲಸ ಮಾಡೂದಿಲ್ಲೇನ ನೀ?" ಎಮ್ಮೆಯದೂ ಆಯಿತು. ಬಾಯಿಪಾಠದ ಒಂದು ಶಬ್ದವೂ ಇರಲಿಲ್ಲ ಅದರಲ್ಲಿ. ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಏನ್ ಮಾಡಾಕತ್ತಿ?"

"ನೀವು ಬಿಟ್ಟದ್ದನ್ನ ಮಾಡಾಕತ್ತೇನ್ರಿ."

ಮುಂದಿನ ಹಿಡಿ ಆಗಲೇ ಕೈಯಲ್ಲಿತ್ತು. ಅಭಿಷೇಕನದು. ಡಬ್ಬಿಯ ಮೇಲೆ ಕೈ ಹಿಡಿದು ಕೂತೆ, ಬೆರಳು ಬಿಚ್ಚಲಿಲ್ಲ. ಹಾಕಬಾರದು ಅಂತ ಗೊತ್ತು, ಚೀಲಕ್ಕೆ ತಿರುಗಿ ಸುರಿಯಲು ಕರುಳು ಒಪ್ಪುತ್ತಿಲ್ಲ. ಅಳು ಒದ್ದುಕೊಂಡು ಬಂತು.

"ಇದನ್ನ ಎಲ್ಲಿ ಹಾಕ್ಲಿ ಅತ್ತಿ? ಹೇಳ್ರಿ, ಎಲ್ಲಿ ಹಾಕ್ಲಿ? ಮಾವನ ಸಲುವಾಗಿ ಪಾಸ್ಟರಿಗಿ ಗೊತ್ತಾಗದಂಗ ಹೆಸರಿಲ್ಲದ ಹಿಡಿ ಹಾಕ್ತಿದ್ರಲ್ಲ, ಇವಂದೂ ಹಂಗ ಹಾಕ್ರಿ. ಹೆಸರ ಹೇಳಬ್ಯಾಡ್ರಿ, ಸುಮ್ನ ಹಾಕ್ರಿ. ಗಂಡಗ ಹಾಕಾಕ ಬರ್ತೈತಿ, ಮಗಗ ಬರೂದಿಲ್ಲೇನ?"

"ಯಾವ ಹಿಡಿ?"

"ಕಡೀದು. ದಿನಾ ಕೇಳಿಸ್ಕೊಂಡೇನ್ರಿ ನಾ. ಅಭಿಷೇಕಂದಾದ ಮ್ಯಾಲ ಹಾಕ್ತಿದ್ರಲ್ಲ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ಅದು ನಿಮ್ಮ ಮಾವಂದಲ್ಲ," ಅಂದಳು. "ಆತ ಹೋಗಿ ಎಷ್ಟ ವರ್ಷ ಆದ್ವು. ಆತನ್ನ ಅವತ್ತ ಕರ್ತಗ ಒಪ್ಪಿಸಿ ಬಂದೇನಿ."

"ಮತ್ತ ಯಾರದು?"

ಅವಳು ಈ ಸಲ ಗೋಡೆ ನೋಡಲಿಲ್ಲ. ನನ್ನನ್ನೇ ನೋಡಿದಳು.

"ನಿಂದು."

ಹಿಡಿ ಇನ್ನೂ ಡಬ್ಬಿಯ ಮೇಲೆಯೇ ಇತ್ತು.

"ಸಿಟ್ಟಿತ್ತು ನನಗ. ನನ್ನ ಮಾತ ಮೀರಿ ತಂದಾನಂತ. ಹೆಸರ ತಗ್ಯಾಕ ಬಾಯಿ ಬರ್ತಿದ್ದಿಲ್ಲ. ಹಾಕದ ಏಳಾಕೂ ಆಗ್ತಿದ್ದಿಲ್ಲ, ಮನಿಗಿ ಬಂದಾಕಿ ನೀ. ನಿನ್ನ ಸಲುವಾಗಿ ಒಂದ ಮಾತ ಬೇಡ್ತಿದ್ದೆ, ಹೊಟ್ಯಾಗ ಬೇಡ್ತಿದ್ದೆ. ನಿನ್ನಂಥಾ ವಯಸ್ಸಿನ್ಯಾಗ ನಾ ತಾಳಿ ಹೋಗಿ ಬರೀ ಕೊಳ್ಳಾಗ ಕುಂತೆ. ನನಗ ಬಂದದ್ದ ಈಕೀಗಿ ಬರಬಾರ್ದಪಾ ಅಂತ. ಅದೊಂದ. ಬ್ಯಾರೆ ಏನೂ ಬೇಡಿದಾಕಿ ಅಲ್ಲ ನಾ ನಿನಗ."

ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಅಂದಳು: "ಅವನ ಹೆಸರ ಬರ್ತೈತಂತ ಬಿಟ್ಟಾಕಿ ಅಲ್ಲ ನಾ. ಅವತ್ತ ಕಡೀ ಹಿಡಿ ತುಂಬಿದ್ನಿ. ಏನಂತ ಬೇಡ್ಲಿ? ಅದ ಮಾತ ನಾಲಿಗಿ ಮ್ಯಾಲ ಬಂತು. ನೀ ಗ್ವಾಡಿ ಆಚಿ ಬೋಳ ಕೊಳ್ಳ ಹೊತಗೊಂಡ ಮಲಗೀದಿ. ದಿನಾ ತಪ್ಪದ ಬೇಡಿದ್ದನ್ನ ಆತ ಕಿವಿಗಿ ಹಾಕ್ಕೊಳ್ಳಲಿಲ್ಲಂದ್ರ, ನಾ ಯಾವ ಮಾರಿ ಹೊತ್ತ ಮತ್ತ ಕೇಳ್ಲಿ?"

ಇಷ್ಟು ಮಾತನ್ನು ಅವಳು ನನ್ನ ಜೊತೆ ಹಿಂದೆಂದೂ ಆಡಿರಲಿಲ್ಲ. ಆಡಿದ್ದು ಇದನ್ನು! ನಾನು ಎಮ್ಮೆಗಿಂತ ಕಡೆ ಅಂತ ಉರಿದುಕೊಂಡು ಮಲಗಿದ ಒಂದೊಂದು ನಸುಕಿನಲ್ಲೂ ಗೋಡೆಯಾಚೆ ಇವಳು ನನ್ನ ಕೊರಳಿನ ತಾಳಿ ಕಾಯುತ್ತಾ ಕೂತಿದ್ದಳು. ಇಬ್ಬರೂ ಅತ್ತೆವು, ಸಪ್ಪಳ ಮಾಡದೆ, ಅವಳು ಬಾಗಿಲಲ್ಲಿ, ನಾನು ಚೀಲದ ಮುಂದೆ. ಹೊರಗೆ ಮೊಬೈಲಿನದಲ್ಲದ ಖರೆ ಹುಂಜ ಕೂಗಿತು.

"ಅದನ್ನ ಕೋಳಿಗಿ ಹಾಕು," ಅಂದಳು ಅತ್ತೆ ನನ್ನ ಮುಷ್ಟಿ ತೋರಿಸಿ. "ಅಂವ ಸಣ್ಣಾಂವ ಇದ್ದಾಗ ಹಂಗ ಮಾಡ್ತಿದ್ದ. ಡಬ್ಬ್ಯಾಗಿಂದ ಕದ್ದೊಯ್ದು ಕೋಳಿಗಿ ಒಗೀತಿದ್ದ. ಬೈತಿದ್ನಿ. ಇನ್ನ ಬೈಯೂದಿಲ್ಲ."

ಅಂಗಳಕ್ಕೆ ಹೋಗಿ, ಕೋಳಿ ಮುಚ್ಚಿದ ಬುಟ್ಟಿ ಎತ್ತಿ ಒಗೆದೆ. ಕೋಳಿಗಳು ಬುಟ್ಟಿಯ ಕೆಳಗಿನಿಂದ ಬಂದು ಮುಗಿಬಿದ್ದವು. ಕಾಳೆಲ್ಲ ಮುಗಿಯುವ ತನಕ ನಿಂತು ನೋಡಿದೆ. ಏನೂ ಬೇಡಲಿಲ್ಲ. ಬೇಡಲು ಅಲ್ಲಿ ಏನೂ ಇರಲಿಲ್ಲ, ಅವನು ಇರಲಿಲ್ಲ ಅಷ್ಟೇ.

ಬೆಳಕು ಹರಿದ ಮೇಲೆ ಮಲ್ಲೇಶಣ್ಣ ಗಾಡಿ ತಗೊಂಡು ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಬ್ಯಾಗು ಬಾಗಿಲಲ್ಲಿ ಇರಲಿಲ್ಲ. ಅತ್ತೆ ಅದನ್ನು ಎತ್ತಿ ಒಳಗಿಟ್ಟಿದ್ದಳು, ಒಂದು ಮಾತೂ ಹೇಳದೆ. ಅಣ್ಣ ಬೈದ, ಅತ್ತ, ಬಿಸಿ ರೊಟ್ಟಿ ಉಂಡು ಒಬ್ಬನೇ ತಿರುಗಿ ಹೋದ.

ಆದರೆ ಅದಕ್ಕೂ ಮುಂಚೆ, ಕೋಳಿಗೆ ಕಾಳು ಹಾಕಿ ನಾನು ಒಳಗೆ ಬಂದಾಗ, ಅತ್ತೆ ತನ್ನ ಜಾಗದಲ್ಲಿ ಕೂತಿದ್ದಳು. ಕೈ ಚೀಲದಲ್ಲಿತ್ತು. ನಾನು ಬಾಜೂ ಕೂತೆ. ಅವಳು ಹಿಡಿ ತುಂಬಿ ಡಬ್ಬಿಯ ಮೇಲೆ ತಂದಳು. ಬೆರಳ ಸಂದಿಯಿಂದ ಕಾಳು ಉದುರುತ್ತಿದ್ದವು.

"ಮಾಯಾ," ಅಂದಳು.

ಮುಂದೆ ಏನು ಬೇಡುತ್ತಾಳೋ ಅಂತ ಕಾದೆ. ಅವಳೂ ಕಾದಳು, ತುಟಿ ಅಲುಗಿಸಿದಳು, ಮಾತು ಬರಲಿಲ್ಲ. ಬೇಡುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಬರೀ ನನ್ನ ಹೆಸರನ್ನು ಇಟ್ಟುಕೊಂಡು ಸುಮ್ಮನೆ ಕೂತಳು. ಆಮೇಲೆ ಬೆರಳು ಬಿಡಿಸಿದಳು.